ಡಿಸಿ ರಜೆ ನಮಗೆ ಅನ್ವಯಿಸುವುದಿಲ್ಲ

ಶಾಲೆಗಳಿಗೆ ಕಾಂಪೌಂಡು ಕಟ್ಟುವುದು ಮಕ್ಕಳು ಓಡಿಹೋಗದಿರಲಿ ಎಂದು ಎಲ್ಲರೂ ತಿಳಿದಿದ್ದಾರೆ. ಮಕ್ಕಳನ್ನು ಮನೆಯಲ್ಲೇ ಓದಿಸುವವರನ್ನು ಕೇಳಿ ನೋಡಿ, ನಿಜ ಹೇಳುತ್ತಾರೆ. ಕಾಂಪೌಂಡು ಇರುವುದು ನೆಂಟರು ಒಳಗೆ ಬಾರದಿರಲಿ ಎಂದು. ಜತೆಗೆ ಕೊರಿಯರ್‌ನವರು, ಮದುವೆ ಕರೆಯಲು ಬಂದವರು, ದಾರಿ ತಪ್ಪಿದ ಪಕ್ಕದ ಮನೆಯ ಕರು. ಸಾಗರ ತಾಲ್ಲೂಕಿನ ನಮ್ಮ ತೋಟದ ಮನೆಗೆ ಕಾಂಪೌಂಡಿಲ್ಲ, ಇರುವುದು ಒಂದು ದಣಪೆ. ಅದನ್ನು ದಾಟಲು ಯಾರಿಗೂ ಹೆಡ್‌ಮಾಸ್ತರ ಅಪ್ಪಣೆ ಬೇಕಾಗಿಲ್ಲ.

ಮಗಳಿಗೆ ಹನ್ನೊಂದು, ಮಗನಿಗೆ ಎಂಟು. ಪಡಸಾಲೆಯ ಗೋಡೆಯ ಮೇಲೆ ನಾಲ್ಕು ಬಣ್ಣದ ಸ್ಕೆಚ್ ಪೆನ್ನಿನಲ್ಲಿ ಬರೆದ ವೇಳಾಪಟ್ಟಿಯಿದೆ. ಒಂಬತ್ತಕ್ಕೆ ಲೆಕ್ಕ, ಹತ್ತಕ್ಕೆ ಕನ್ನಡ, ಆಮೇಲೆ ವಿಜ್ಞಾನ. ಬರೆದದ್ದು ನಮ್ಮ ಮನೆಯವರು. ಬರೆದು ತೋಟಕ್ಕೆ ಹೋದವರು ಊಟದ ಹೊತ್ತಿಗೆ ಬರುತ್ತಾರೆ. ಹಾಗಾಗಿ ಅದು ಬಲು ಚೆನ್ನಾಗಿ ನಡೆಯುತ್ತಿದೆ ಎಂಬ ನಂಬಿಕೆ ಅವರಿಗೆ ಇವತ್ತಿಗೂ ಇದೆ.

ಒಂಬತ್ತಕ್ಕೆ ಸರಿಯಾಗಿ ಅತ್ತೆಯವರ ದನಿ ಬರುತ್ತದೆ. ಅವರು ಪಾಠದ ನಡುವೆ ಯಾವತ್ತೂ ಬಾಯಿ ಹಾಕುವುದಿಲ್ಲ. "ನೀವು ಓದ್ಕಳಿ, ನಾ ಎಂತಕ್ಕೂ ಕರೆಯದಿಲ್ಲ" ಎಂದೇ ಶುರು ಮಾಡುತ್ತಾರೆ. "ಮಾಣಿ ಒಂದೇ ಒಂದು ನಿಮಿಷ ಬಂದು ಎರಡು ಬಾಳೆಲೆ ಕೊಯ್ದುಕೊಟ್ಟು ಹೋಗ್ಲಿ." ಮಾಣಿ ಹೋಗುತ್ತಾನೆ. ಬಾಳೆಯ ಬುಡದಲ್ಲಿ ಇರುವೆ ಸಾಲು ಸಿಗುತ್ತದೆ, ನಾಯಿ ಸಿಗುತ್ತದೆ, ನಿನ್ನೆ ಕಳೆದುಹೋದ ಚೆಂಡು ಸಿಗುತ್ತದೆ. ಎಲೆಯೊಂದು ಬಿಟ್ಟು ಎಲ್ಲ ಸಿಕ್ಕ ಮೇಲೆ ಹತ್ತು ಗಂಟೆಯಾಗಿರುತ್ತದೆ.

ಹತ್ತಕ್ಕೆ ಮಂಗಗಳು ಬರುತ್ತವೆ. ಮಲೆನಾಡಿನ ಮಂಗಗಳ ಸಮಯಪಾಲನೆ ನಮಗಿಂತ ಎಷ್ಟೋ ಮೇಲು. ಏಲಕ್ಕಿ, ಬಾಳೆ, ಎಳೆ ಅಡಿಕೆ ಯಾವುದೂ ಅವಕ್ಕೆ ವರ್ಜ್ಯವಲ್ಲ. ಕವಣೆ ಹಿಡಿದು ಮಕ್ಕಳಿಬ್ಬರೂ ಓಡುತ್ತಾರೆ. ಹಿಂದಿನಿಂದ ನಾನೂ ಓಡುತ್ತೇನೆ, ಮಂಗ ಓಡಿಸಲಿಕ್ಕಲ್ಲ, ಮಕ್ಕಳನ್ನು ಹಿಡಿದು ತರಲಿಕ್ಕೆ.

ದಣಪೆ ದಾಟಿ ಬರುವವರದು ಬೇರೆಯೇ ಕತೆ. ಮಕ್ಕಳು ಮನೆಯಲ್ಲಿದ್ದಾರೆ ಎಂದರೆ ಮನೆಯವರೆಲ್ಲ ಪುರುಸೊತ್ತಾಗಿದ್ದಾರೆ ಎಂದು ಊರಿನ ತೀರ್ಮಾನ. "ನಿಮಗೇನು, ಶಾಲೆ ರಗಳೆ ಇಲ್ಲ, ಮದುವೆಗೆ ವಾರ ಮೊದಲೇ ಬಂದುಬಿಡಿ" ಎಂದು ಕರೆಯುವವರಿದ್ದಾರೆ. "ಹೇಗೂ ಮನೇಲಿರ್ತೀರಲ್ಲ" ಎಂದು ಬೀಗದಕೈ, ಬಾಡಿಗೆ ಹಣ, ಒಮ್ಮೆ ಒಂದು ಗಿಳಿಯನ್ನೂ ನಮ್ಮಲ್ಲಿ ಬಿಟ್ಟು ಹೋದವರಿದ್ದಾರೆ. ಕುಳಿತು ಕಾಫಿ ಕುಡಿದ ಮೇಲೆ ಎಲ್ಲರಿಗೂ ಒಂದೇ ಪ್ರಶ್ನೆ: "ಹೀಗೆ ಮನೇಲೇ ಓದಿಸಿದ್ರೆ ಸರ್ಕಾರದವರು ಏನೂ ಅನ್ನೋದಿಲ್ವಾ?" ಮೊದಮೊದಲು ನಾನೇ ವಿವರಿಸುತ್ತಿದ್ದೆ. ಈಗ ಮಗನೇ ಮಗ್ಗಿ ಒಪ್ಪಿಸುವ ರಾಗದಲ್ಲಿ ಹೇಳುತ್ತಾನೆ: "2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳಿಗೆ ಉಚಿತ, ಕಡ್ಡಾಯ ಶಿಕ್ಷಣ ಅನ್ನುತ್ತೆ. ಮನೆಶಾಲೆಯ ಹೆಸರೇ ಅದರಲ್ಲಿಲ್ಲ. 14 ತುಂಬಿದ ಮೇಲೆ ಎನ್‌ಐಒಎಸ್‌ನಲ್ಲಿ ಹತ್ತನೇ ಕ್ಲಾಸ್ ಪರೀಕ್ಷೆ ಕಟ್ಟಬಹುದು." ನೆಂಟರು ಬೆರಗಾಗುತ್ತಾರೆ. ಅವನಿಗೆ ಕಂಠಪಾಠವಾಗಿರುವುದು ಅದೊಂದೇ ಎಂದು ನಾನು ಹೇಳಲು ಹೋಗುವುದಿಲ್ಲ.

ಜುಲೈಯಲ್ಲಿ ಹೊಸ ಅಧಿಕಾರಿಯೊಬ್ಬರು ನಮ್ಮ ಮನೆಯ ಆಡಳಿತಕ್ಕೆ ಕೈ ಹಾಕುತ್ತಾರೆ. ಮಳೆ ಜೋರಾದ ದಿನ ಬೆಳಗ್ಗೆ ಏಳುವ ಮೊದಲೇ ಹಾಸಿಗೆಯೊಳಗಿಂದ ಘೋಷಣೆ ಹೊರಡುತ್ತದೆ.

"ಅಮ್ಮಾ, ಡಿಸಿ ರಜೆ ಕೊಟ್ಟಿದಾರೆ!"

"ಕೊಟ್ಟಿದ್ದು ಶಾಲೆಗೆ."

"ಇದೂ ಶಾಲೆ ಅಂತ ನೀನೇ ಅಂತೀಯಲ್ಲ?"

"ಶಾಲೆ ಮಕ್ಕಳು ಹಳ್ಳ ದಾಟಿ ಹೋಗಬೇಕು ಅಂತ ರಜೆ ಕೊಡೋದು. ನೀನು ಕಂಬಳಿ ದಾಟಿದರೆ ಸಾಕು."

ಲೆಕ್ಕಕ್ಕೆ ಕರೆದ ದಿನ ಇದು ಮನೆ, ಡಿಸಿ ರಜೆ ಕೊಟ್ಟ ದಿನ ಇದು ಶಾಲೆ. ಈ ಕಾನೂನನ್ನು ಮಾಡಿದ್ದು ಮಗಳು, ಜಾರಿ ಮಾಡುವವನು ಮಗ. ಅಷ್ಟು ಹೊತ್ತಿಗೆ ನಿಜವಾದ ಶಾಲೆಗೆ ನಿಜವಾದ ರಜೆ ಸಿಕ್ಕ ಕೇರಿಯ ಮಕ್ಕಳೆಲ್ಲ ಕೊಡೆ ಮಡಚುತ್ತ ನಮ್ಮ ಪಡಸಾಲೆಯಲ್ಲಿ ನಿಂತಿರುತ್ತಾರೆ. ಅಲ್ಲಿಗೆ ಡಿಸಿಯವರ ಆದೇಶ ನಮಗೂ ಅನ್ವಯಿಸಿದಂತಾಯಿತು.

ಮಳೆ ಬಂದರೆ ಕರೆಂಟು ಹೋಗುತ್ತದೆ. ಲಿಂಗನಮಕ್ಕಿ ಅಣೆಕಟ್ಟು ಇರುವುದು ನಮ್ಮದೇ ತಾಲ್ಲೂಕಿನಲ್ಲಿ. ನಾಡಿಗೆಲ್ಲ ಬೆಳಕು ಕೊಡಲು ನೀರಿನಡಿ ಹೋದ ಊರುಗಳವರು ನಮ್ಮ ನೆಂಟರಲ್ಲೇ ಇದ್ದಾರೆ. ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1035 ಮೆಗಾವಾಟ್ ಎಂಬುದನ್ನು ಮಗಳು ತನ್ನ ನೋಟುಬುಕ್ಕಿನಲ್ಲಿ ಬರೆದುಕೊಂಡಿದ್ದಾಳೆ. ಮೇಣದ ಬತ್ತಿಯ ಬೆಳಕಿನಲ್ಲಿ ಬರೆದದ್ದರಿಂದ ಅಕ್ಷರ ಮಾತ್ರ ಸೊಟ್ಟಗಿದೆ.

ಇದೆಲ್ಲಕ್ಕಿಂತ ದೊಡ್ಡ ಗಂಡಾಂತರ ಬಿಸಿಲು. ಮಳೆಗಾಲದ ನಡುವೆ ಬಿಸಿಲು ಇಣುಕಿತೆಂದರೆ ಅಡಿಕೆಗೆ ಔಷಧಿ ಹೊಡೆಯುವವರು ಹೇಳದೆ ಕೇಳದೆ ಬಂದು ನಿಲ್ಲುತ್ತಾರೆ. ಅವತ್ತು ಬಿಟ್ಟರೆ ಮತ್ತೆ ಸಿಗುವುದಿಲ್ಲ, ಕೊಳೆರೋಗ ಮಾತ್ರ ಖಂಡಿತ ಸಿಗುತ್ತದೆ. ಸ್ಲೇಟು ಪುಸ್ತಕ ಎಲ್ಲಿದ್ದವೋ ಅಲ್ಲೇ ಬಿದ್ದುಕೊಳ್ಳುತ್ತವೆ. ನೂರು ಲೀಟರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. "ಡ್ರಮ್ಮು ಇನ್ನೂರು ಲೀಟರಿಂದು, ಎಷ್ಟು ಹಾಕಬೇಕೋ?" ಎಂದು ಇವರು ಕೇಳುತ್ತಾರೆ. ದೂರದಲ್ಲಿ ಜಗಲಿ ಕಟ್ಟೆಯ ಮೇಲೆ ನಿಂತ ಮಗ ಥಟ್ಟನೆ "ಎರಡೆರಡು!" ಎನ್ನುತ್ತಾನೆ. ತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ದು, ಉಜ್ಜಿ ಹೊಳೆಯಿಸಿದ ಕಬ್ಬಿಣದ ಚೂರಿಯನ್ನು ಅದ್ದಿ ನೋಡುವುದು ಮಗಳ ಪಾಲಿನ ಮಹೋತ್ಸವ. ಚೂರಿಗೆ ಕೆಂಪು ಹತ್ತಿದರೆ ಸುಣ್ಣ ಸಾಲದು ಎಂದರ್ಥ. ಹತ್ತಿದ್ದು ತಾಮ್ರ.

ಈ ಔಷಧಿಯ ಹುಟ್ಟಿನ ಕತೆಯನ್ನೂ ನಾನು ಸಮಯ ನೋಡಿ ಹೇಳುವುದುಂಟು. ಫ್ರಾನ್ಸಿನ ಬೋರ್ಡೋ ಸೀಮೆಯ ದ್ರಾಕ್ಷಿ ಬೆಳೆಗಾರರು ದಾರಿಹೋಕರು ಹಣ್ಣು ಕದಿಯದಿರಲೆಂದು ರಸ್ತೆಬದಿಯ ಬಳ್ಳಿಗಳಿಗೆ ತುತ್ತ, ಸುಣ್ಣ ಎರಚಿಡುತ್ತಿದ್ದರು. ಆ ಬಳ್ಳಿಗಳಿಗೆ ಮಾತ್ರ ರೋಗ ಬಂದಿಲ್ಲ ಎಂಬುದು 1882ರಲ್ಲಿ ಮಿಲ್ಲಾರ್ದೆ ಎಂಬ ಸಸ್ಯವಿಜ್ಞಾನಿಯ ಕಣ್ಣಿಗೆ ಬಿತ್ತು. ಪರೀಕ್ಷೆ ಮಾಡಿ 1885ರಲ್ಲಿ ಪ್ರಕಟಿಸಿದ. ಕಳ್ಳರಿಗೆಂದು ಮಾಡಿದ್ದು ರೋಗಕ್ಕೆ ಮದ್ದಾಯಿತು. ಕೇಳಿದ ಮಗ, "ಮಂಗಕ್ಕೂ ಆಗುತ್ತಾ?" ಎಂದ.

ಬೆಂಗಳೂರಿನಿಂದ ಬಂದ ನೆಂಟರು ಇದನ್ನೆಲ್ಲ ನೋಡಿ "ಇದೇ ನೋಡಿ ನಿಜವಾದ ಶಿಕ್ಷಣ! ಬದುಕೇ ಪಾಠಶಾಲೆ!" ಎಂದು ಮೊಬೈಲಿನಲ್ಲಿ ಫೋಟೋ ಹಿಡಿಯುತ್ತಾರೆ. ನನಗೆ ಅಷ್ಟು ಖಾತ್ರಿಯಿಲ್ಲ. ಬೋರ್ಡೋ ದ್ರಾವಣದಿಂದ ಅನುಪಾತ ಕಲಿತ ಹುಡುಗ ಲೋಕದ ಎಲ್ಲ ಅನುಪಾತವೂ ಒಂದಕ್ಕೆ ಒಂದು ಎಂದುಕೊಂಡಿದ್ದಾನೆ. ಮೊನ್ನೆ ಕಾಫಿಗೆ ಹಾಲಿನಷ್ಟೇ ಸಕ್ಕರೆ ಹಾಕಿಟ್ಟಿದ್ದ. ಬದುಕೆಂಬ ಪಠ್ಯಪುಸ್ತಕದಲ್ಲಿ ಅಧ್ಯಾಯಗಳು ಬಹಳ ಕಡಿಮೆ. ಕೂಡುವುದು, ಕಳೆಯುವುದು, ಕೊಯ್ಲಿನಲ್ಲಿ ಅಡಿಕೆ ಸುಲಿದವರ ಡಬ್ಬದ ಲೆಕ್ಕಕ್ಕೆ ಗುಣಾಕಾರ, ಇಷ್ಟು ಸಿಗುತ್ತದೆ. ಎಷ್ಟು ದೊಡ್ಡ ತೋಟವನ್ನು ಸುತ್ತಿದರೂ ಭಿನ್ನರಾಶಿಯನ್ನು ಭಿನ್ನರಾಶಿಯಿಂದ ಭಾಗಿಸುವ ಸಂದರ್ಭ ಎದುರಾಗುವುದಿಲ್ಲ. ಅದಕ್ಕೆ ಕುಳಿತೇ ಆಗಬೇಕು. ಕುಳಿತುಕೊಳ್ಳಲು ಮುಕ್ಕಾಲು ಗಂಟೆ ಬೇಕು. ಆ ಮುಕ್ಕಾಲು ಗಂಟೆಯೇ ನಮ್ಮಲ್ಲಿ ಇಲ್ಲದಿರುವುದು.

'ತೊತ್ತೋಚಾನ್' ಓದಿದ ಹುಮ್ಮಸ್ಸಿನಲ್ಲಿ, ಅಲ್ಲಿಯ ತೊಮೋಯೆ ಶಾಲೆಯ ಮಕ್ಕಳಂತೆ ದಿನದ ಮೊದಲ ವಿಷಯವನ್ನು ನೀವೇ ಆರಿಸಿಕೊಳ್ಳಿ ಎಂದೂ ಬಿಟ್ಟು ನೋಡಿದ್ದಾಯಿತು. ಮಗ ದೋಸೆಯನ್ನು ಆರಿಸಿಕೊಂಡ. ಎರಡನೆಯ ವಿಷಯವೂ ಅದೇ.

ಈಗ ಗೋಡೆಯ ವೇಳಾಪಟ್ಟಿ ಹಾಗೇ ಇದೆ, ಬಂದವರಿಗೆ ತೋರಿಸಲು ಬೇಕಾಗುತ್ತದೆ. ನಡೆಯುವುದು ಬೇರೆ. ಅದರಲ್ಲಿ ಗಂಟೆ ನಿಮಿಷಗಳಿಲ್ಲ. ಅಪ್ಪ ಹಾಲು ಕರೆದು ಬರುವುದರೊಳಗೆ ಲೆಕ್ಕ; ತಿಂಡಿಯಾಗಿ ಅತ್ತೆಯವರು ದೇವರ ಕೋಣೆಗೆ ಹೋದ ಮೇಲೆ ಕನ್ನಡ, ಪೂಜೆ ಮುಗಿಯುವವರೆಗೆ ಅವರು ಯಾರನ್ನೂ ಕರೆಯುವಂತಿಲ್ಲ. ಮಂಗ ಬಂದ ಮೇಲೆ ವಿಜ್ಞಾನ. ಹೆಗ್ಗೋಡಿನಲ್ಲಿ ನಾಟಕ ನೋಡಿ ತಡರಾತ್ರಿ ಬಂದ ಮರುದಿನ ಏನೂ ಇಲ್ಲ. ಮೂರು ವರ್ಷಕ್ಕೊಮ್ಮೆ ಸಾಗರದಲ್ಲಿ ಮಾರಿಕಾಂಬಾ ಜಾತ್ರೆಯಾಗುವಾಗಂತೂ ಪುಸ್ತಕದ ಹೆಸರೆತ್ತುವ ಧೈರ್ಯ ಯಾರಿಗೂ ಇಲ್ಲ.

ನೆಂಟರಿಗೆ ಮದ್ದು ಕಂಡುಹಿಡಿದವಳು ಮಗಳು. ಹತ್ತು ಗಂಟೆಯೊಳಗೆ ದಣಪೆ ದಾಟಿದವರು ಒಂದು ಪಾಠ ಮಾಡಿಯೇ ಕಾಫಿ ಕುಡಿಯಬೇಕು ಎಂದು ರಟ್ಟಿನ ಮೇಲೆ ಬರೆದು ತೂಗುಹಾಕಿದಳು. ಬರುವವರ ಸಂಖ್ಯೆ ಕಣ್ಣಿಗೆ ಕಾಣುವಷ್ಟು ಇಳಿದಿದೆ. ಬಗ್ಗದೆ ಬಂದವರಲ್ಲಿ ವಿಮೆ ಏಜೆಂಟರೊಬ್ಬರು ಚಕ್ರಬಡ್ಡಿಯನ್ನು ಎಷ್ಟು ಚೆನ್ನಾಗಿ ಹೇಳಿಕೊಟ್ಟರೆಂದರೆ, ಕೊನೆಗೆ ಮಗಳೇ ಅವರ ಪಾಲಿಸಿಯಲ್ಲಿ ನಮಗೆಷ್ಟು ನಷ್ಟ ಎಂದು ಲೆಕ್ಕ ಹಾಕಿ ತೋರಿಸಿದಳು. ಅವರು ಮತ್ತೆ ಬಂದಿಲ್ಲ.

ನೀವೂ ಸಾಗರದ ಕಡೆ ಬಂದರೆ ನಮ್ಮ ಮನೆಗೆ ಖಂಡಿತ ಬನ್ನಿ. ಹತ್ತರ ಮೇಲೆ ಬಂದರೆ ಕಾಫಿ, ತೊಡೆದೇವು ಸುಮ್ಮನೆ ಸಿಗುತ್ತವೆ. ಹತ್ತರೊಳಗೆ ಬರುವುದಾದರೆ ದಯವಿಟ್ಟು ಭಿನ್ನರಾಶಿಯ ಭಾಗಾಕಾರ ಓದಿಕೊಂಡು ಬನ್ನಿ.