ಎ ಗ್ರೇಡ್ ಹುಡುಗ

ಮೆಲ್ಬರ್ನ್‌ನಲ್ಲಿ ಹುಟ್ಟಿದ ಹುಡುಗನ ಭವಿಷ್ಯ ಬಾಪೂಜಿ ನಗರದಲ್ಲೇ ತೀರ್ಮಾನವಾಗಬೇಕೆಂಬ ಕಾನೂನು ಆಸ್ಟ್ರೇಲಿಯಾದಲ್ಲಿಲ್ಲ. ನಮ್ಮ ಮನೆಯಲ್ಲಿದೆ. ಮಗ ಹತ್ತನೇ ಕ್ಲಾಸು ಮುಗಿಸಿದ ಡಿಸೆಂಬರ್ ರಜೆಗೆ ಬಂದಿಳಿದ ಮಾರನೆಯ ಬೆಳಿಗ್ಗೆಯೇ, ಮೈಸೂರು ರಸ್ತೆಯ ಬಸ್ಸುಗಳ ಹಾರನ್ನಿನ ನಡುವೆ, ಮಾವನವರ ಅಧ್ಯಕ್ಷತೆಯಲ್ಲಿ ಸಭೆ ಸೇರಿತು. ಅತ್ತೆ, ನಾದಿನಿ, ನಾದಿನಿಯ ಗಂಡ, ಜೊತೆಗೆ ಬಾಡಿಗೆ ಕೊಡಲು ಬಂದು ಕಾಫಿಗೆ ಕೂತ ಮಹಡಿ ಮನೆಯಾಕೆ.

"ಪಿಸಿಎಂಬಿನೋ, ಪಿಸಿಎಂಸಿನೋ?" ಅಂದರು ಮಾವ. ಮೂರನೆಯ ದಾರಿ ಇದ್ದೀತೆಂಬ ಅನುಮಾನವೇ ಅವರಿಗಿರಲಿಲ್ಲ.

ಅಲ್ಲಿ ಪಿಯುಸಿ ಇಲ್ಲ, ವಿಸಿಇ ಇದೆ. ಕೊನೆಗೆ ಎಟಾರ್ ಅಂತ ರ‍್ಯಾಂಕ್ ಕೊಡುತ್ತಾರೆ, ಅದರ ತುತ್ತತುದಿಯೇ 99.95 ಎಂದು ನಮ್ಮವರು ವಿವರಿಸಿದರು.

"ಮಿಕ್ಕ 0.05 ಯಾಕ್ ಕೊಡಲ್ಲ?"

ಅರ್ಧ ಗಂಟೆ ಅದಕ್ಕೇ ಹೋಯಿತು. ಕೊನೆಗೆ ಮಗನೇ ಬಾಯಿಬಿಟ್ಟ: "ತಾತ, ನಾನು ಎಲೆಕ್ಟ್ರಿಷಿಯನ್ ಆಗ್ತೀನಿ."

ಹತ್ತನೇ ಕ್ಲಾಸಿನಲ್ಲಿ ಅಲ್ಲಿನ ಶಾಲೆಗಳು ಮಕ್ಕಳನ್ನು ಕೆಲವು ದಿನ ಯಾವುದಾದರೂ ಕೆಲಸಕ್ಕೆ ಕಳಿಸುತ್ತವೆ. ವಿಕ್ಟೋರಿಯಾದಲ್ಲಿ ದಿನಕ್ಕೆ ಕನಿಷ್ಠ 5 ಡಾಲರ್ ಕೊಡಲೇಬೇಕು. ಗೊತ್ತಿದ್ದವರ ಮಕ್ಕಳೆಲ್ಲ ಅಪ್ಪನ ಆಫೀಸಿಗೆ ಹೋಗಿ ತಿರುಗುವ ಕುರ್ಚಿಯಲ್ಲಿ ತಿರುಗಿ ಬಂದರು. ನಮ್ಮವನು ಎಲೆಕ್ಟ್ರಿಷಿಯನ್ ಒಬ್ಬನ ವ್ಯಾನ್ ಹತ್ತಿದ. ಮನಸ್ಸು ಇನ್ನೂ ಅದರಿಂದ ಇಳಿದಿಲ್ಲ.

"ವೈರ್ ಎಳೆಯೋಕೆ ಅಷ್ಟು ದೂರ ಹೋಗಬೇಕಿತ್ತಾ?" ಎಂದು ಮಾವ ನೊಂದುಕೊಂಡರು. ಕೇಳುವ ಅಧಿಕಾರ ಅವರಿಗಿತ್ತು. ಐಟಿಐ ಎಲೆಕ್ಟ್ರಿಷಿಯನ್ ಮಾಡಿ, ರೆಮ್ಕೋದಲ್ಲಿ ಕೆಲಸಕ್ಕೆ ಸೇರಿ, ಅದು ಬಿಎಚ್‌ಇಎಲ್ ಆದಮೇಲೆ ನಿವೃತ್ತರಾದವರು. ಆ ಸಂಬಳದಲ್ಲೇ ಈ ಮನೆ ಕಟ್ಟಿದ್ದು, ಮುಂದಿನವರಾದರೂ ಟೆಸ್ಟರ್ ಹಿಡಿಯದಿರಲಿ ಎಂದು ನಮ್ಮವರನ್ನು ಬಿಇ ಓದಿಸಿದ್ದು.

ಆ ಬಿಇ ಕೂಡ ಎಲೆಕ್ಟ್ರಿಕಲ್ಲೇ. ಆಸೆಪಟ್ಟು ತೆಗೆದುಕೊಂಡದ್ದಲ್ಲ, ಸಿಇಟಿ ಕೌನ್ಸೆಲಿಂಗಿನಲ್ಲಿ ಇವರ ಸರದಿ ಬರುವ ಹೊತ್ತಿಗೆ ಕಂಪ್ಯೂಟರ್ ಸೈನ್ಸ್ ಖಾಲಿಯಾಗಿತ್ತು. ಓದು ಮುಗಿಸಿ ಸೇರಿದ್ದು ಸಾಫ್ಟ್‌ವೇರ್. ಈಗ ಮೆಲ್ಬರ್ನ್‌ನ ನಮ್ಮ ಮನೆಯಲ್ಲಿ ಗೋಡೆಯ ಸ್ವಿಚ್ಚು ಕೆಟ್ಟರೆ ಈ ಎಲೆಕ್ಟ್ರಿಕಲ್ ಇಂಜಿನಿಯರು ಅದನ್ನು ಬಿಚ್ಚುವಂತಿಲ್ಲ. ಲೈಸೆನ್ಸ್ ಇಲ್ಲದವರು ವೈರಿಂಗಿಗೆ ಕೈ ಹಾಕುವುದು ಅಲ್ಲಿ ಅಪರಾಧ. ಎಲೆಕ್ಟ್ರಿಷಿಯನ್ ಬರಬೇಕು, ಬಾಗಿಲಿಗೆ ಬಂದದ್ದಕ್ಕೇ ಒಂದು ಚಾರ್ಜು, ಕೆಲಸದ್ದು ಬೇರೆ. ಇವರು ಪಕ್ಕದಲ್ಲಿ ಟಾರ್ಚ್ ಹಿಡಿದು ನಿಲ್ಲುತ್ತಾರೆ. ಅದಕ್ಕೆ ಬಿಲ್ಲಿನಲ್ಲಿ ರಿಯಾಯಿತಿ ಏನೂ ಇಲ್ಲ.

ಮಗ ಇದಿಷ್ಟನ್ನೂ ತಾತನ ಮುಂದೆ ಬಿಡಿಸಿಟ್ಟ. ಮಾವ ನೆಟ್ಟಗೆ ಕೂತರು.

"ಅಪ್ರೆಂಟಿಸ್ ಎಷ್ಟು ವರ್ಷ?"

"ನಾಲ್ಕು ವರ್ಷ, ತಾತ. ಕಲೀತಾನೇ ಸಂಬಳ."

"ಆಮೇಲೆ?"

"ಎ ಗ್ರೇಡ್ ಲೈಸೆನ್ಸ್."

ಎ ಗ್ರೇಡ್! ಆ ಲೈಸೆನ್ಸಿನ ಹೆಸರೇ ಹಾಗೆ, ಮಾರ್ಕ್ಸ್ ಕಾರ್ಡಿಗೂ ಅದಕ್ಕೂ ಸಂಬಂಧವಿಲ್ಲ ಎಂದು ನಾನು ಹೇಳಲು ಹೋಗಲಿಲ್ಲ. ಮಾವ ನಮ್ಮವರತ್ತ ತಿರುಗಿ, "ನಿಂದು ಯಾವ ಗ್ರೇಡೋ?" ಅಂದರು. ಎಂದೂ ಲೋಟ ಎತ್ತದ ಇವರು ಎಲ್ಲರ ಕಾಫಿ ಲೋಟ ಎತ್ತಿಕೊಂಡು ಅಡುಗೆಮನೆಗೆ ನಡೆದರು.

ಅತ್ತೆಗೆ ಮಾತ್ರ ಸಮಾಧಾನವಿಲ್ಲ. "ನಾಳೆ ಹೆಣ್ಣಿನ ಕಡೆಯವರು ಕೇಳಿದ್ರೆ ಏನಂತ ಹೇಳೋದು?" ಹುಡುಗನಿಗಿನ್ನೂ ಹದಿನಾರು.

"ಆಸ್ಟ್ರೇಲಿಯಾದಲ್ಲಿ ಪವರ್ ಸೆಕ್ಟರ್ ಅನ್ನಿ, ಆಂಟಿ" ಎಂದಳು ಮಹಡಿ ಮನೆಯಾಕೆ.

ಅತ್ತೆ ಎರಡು ಸಲ ಹೇಳಿಕೊಂಡು ಬಾಯಿಪಾಠ ಮಾಡಿದರು. ನಾದಿನಿ ಜಾತಕ ಕೇಳಿದಳು.