ಬಿಸಿಲಿಗೂ ಸರ್ವೀಸ್ ಚಾರ್ಜು

ಸೂರ್ಯ ಇಂದಿನವರೆಗೆ ಯಾರ ಹತ್ತಿರವೂ ಎಎಂಸಿ, ಅಂದರೆ ವಾರ್ಷಿಕ ನಿರ್ವಹಣೆಯ ಒಪ್ಪಂದ, ಮಾಡಿಸಿಕೊಂಡವನಲ್ಲ. ಆದರೂ ಉರಿಯುತ್ತಲೇ ಇದ್ದಾನೆ. ಅವನ ಬಿಸಿಲು ಬೆಂಗಳೂರಿನ ತಾರಸಿಗೆ ಬಿದ್ದ ಮೇಲೆ ಮಾತ್ರ ರಿಪೇರಿ ಶುರು.

“ನಮಸ್ಕಾರ ಸರ್, ಸೋಲಾರ್ ಕಂಪನಿಯಿಂದ ಮಾತಾಡ್ತಿರೋದು. ನಿಮ್ದು ಸರ್ವೀಸ್ ಡ್ಯೂ ಇದೆ.”

“ಯಾವ ಕಂಪನೀಪ್ಪಾ?”

“ನಿಮ್ಮನೇಲಿ ಯಾವ್ದು ಹಾಕ್ಸಿದೀರಾ ಸರ್?”

ನಾವು ಹೆಸರು ಹೇಳುತ್ತೇವೆ. “ಹಾಂ, ಅದೇ ಕಂಪನಿ ಸರ್!”

ಇಷ್ಟು ಖಚಿತವಾದ ಗುರುತು ಸಿಕ್ಕ ಮೇಲೆ ಅನುಮಾನಪಡುವುದು ಸಭ್ಯರ ಲಕ್ಷಣವಲ್ಲ. ಎರಡು ಗಂಟೆಯೊಳಗೆ ಗೇಟಿನ ಮುಂದೆ ಬೈಕು. ಬೆನ್ನಿಗೆ ಬ್ಯಾಗು, ಕೊರಳಲ್ಲಿ ಐಡಿ ಕಾರ್ಡು. ಆ ಕಾರ್ಡು ಸದಾ ಬೆನ್ನು ತಿರುಗಿಸಿಕೊಂಡೇ ನೇತಾಡುತ್ತದೆ. ಬಹುಶಃ ಸಂಕೋಚದ ಸ್ವಭಾವ.

ನಮ್ಮ ಬೀದಿಯ ನಿವೃತ್ತ ಮೇಷ್ಟ್ರ ತಾರಸಿಗೆ ಹೀಗೆ ಒಬ್ಬ ಹತ್ತಿದ. ಬಿಸಿನೀರಿನ ಟ್ಯಾಂಕಿನ ಪಕ್ಕದ ಬೋಲ್ಟು ಬಿಚ್ಚಿ, ಒಳಗಿಂದ ಕೋಲೊಂದನ್ನು ಎಳೆದ. ಗೆದ್ದಲು ತಿಂದ ಹಾಗೆ ಸವೆದು, ಬಿಳಿ ಸುಣ್ಣ ಮೆತ್ತಿಕೊಂಡಿದ್ದ ಕೋಲು. ಅದನ್ನು ಮೇಷ್ಟ್ರ ಹೆಂಡತಿಯ ಮುಂದೆ ಹಿಡಿದು, “ನೋಡಿ ಆಂಟಿ, ಇದೇ ನೀರಲ್ಲಿ ನೀವು ಸ್ನಾನ ಮಾಡ್ತಿರೋದು” ಎಂದ. ಆಂಟಿ ಮುಂಗೈ ತುರಿಸಿಕೊಂಡರು. ಅಲ್ಲಿಗೆ ವ್ಯಾಪಾರ ಮುಗಿಯಿತು. ಉಳಿದದ್ದು ಬಿಲ್ಲು ಮಾತ್ರ.

ಆ ಕೋಲು ಮೆಗ್ನೀಸಿಯಂ ಆನೋಡ್. ಸವೆಯುವುದೇ ಅದರ ಉದ್ಯೋಗ. ಬೋರ್‌ವೆಲ್ ನೀರು ಟ್ಯಾಂಕಿನ ಲೋಹವನ್ನು ತಿನ್ನುವ ಬದಲು ಇದನ್ನು ತಿನ್ನಲಿ ಎಂದೇ ಒಳಗೆ ಇಟ್ಟಿರುತ್ತಾರೆ. ಕೆಲವು ವರ್ಷಕ್ಕೊಮ್ಮೆ ಬದಲಾಯಿಸಬೇಕು, ನಿಜ. ಆದರೆ ನೂರರ ಲೆಕ್ಕದ ಆ ಸರಕಿಗೆ ಸಾವಿರಗಳ ಬಿಲ್ಲು ಬರೆಯಬೇಕಾದರೆ ಜೊತೆಗೆ “ಆ್ಯಸಿಡ್ ವಾಶ್”, “ಟ್ಯೂಬ್ ಪ್ರೆಶರ್”, “ಕಾಯಿಲ್ ವೀಕ್” ಎಂಬ ಮಂತ್ರಗಳು ಬೇಕು. ತಣ್ಣೀರು ಭಾರಕ್ಕೆ ಕೆಳಗಿಳಿದು, ಬಿಸಿನೀರು ಹಗುರಾಗಿ ತಾನೇ ಮೇಲೇರುವ ಯಂತ್ರ ಈ ಸೋಲಾರ್ ಹೀಟರ್. ತಿರುಗುವ ಚಕ್ರ ಒಂದೂ ಇಲ್ಲ. ಆದ್ದರಿಂದ ತಿರುಗಿಸಲು ಸಿಕ್ಕುವುದು ಮನೆಯವರ ತಲೆಯೊಂದೇ.

ಇದು ಹಳೇ ವಿದ್ಯೆ. 2024ರ ಫೆಬ್ರವರಿಯಲ್ಲಿ ಪಿಎಂ ಸೂರ್ಯಘರ್ ಯೋಜನೆ ಬಂದು, 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಬ್ಸಿಡಿ ಎಂದ ಮೇಲೆ ತಾರಸಿಗಳಲ್ಲಿ ವಿದ್ಯುತ್ ಪ್ಯಾನೆಲ್ಲುಗಳೂ ಎದ್ದು ನಿಂತವು. ವಿದ್ಯೆಯೂ ಮೇಲ್ದರ್ಜೆಗೇರಿತು. ಈಗಿನ ಹುಡುಗರ ಕೈಯಲ್ಲಿ ಸ್ಪ್ಯಾನರ್ ಬದಲು ಕೋವಿಡ್ ಕಾಲದಲ್ಲಿ ಹಣೆಗೆ ಹಿಡಿಯುತ್ತಿದ್ದಂಥ ಗನ್ನು. ಮಟಮಟ ಮಧ್ಯಾಹ್ನ ಅದನ್ನು ಪ್ಯಾನೆಲ್ಲಿಗೆ ಗುರಿಯಿಟ್ಟು, “ಅರವತ್ತು ಡಿಗ್ರಿ ಅಂಕಲ್! ಪೂರ್ತಿ ಓವರ್‌ಹೀಟು!” ಎನ್ನುತ್ತಾರೆ. ಏಪ್ರಿಲ್ ಬಿಸಿಲಲ್ಲಿ ಮಲಗಿದ ಕಪ್ಪು ಗಾಜು ಅರವತ್ತಾಗದೆ ಇನ್ನೇನು ನಡುಗಬೇಕಿತ್ತೆ? ಅದಕ್ಕೂ ಔಷಧಿ ಉಂಟು, ‘ನ್ಯಾನೋ ಕೋಟಿಂಗ್’. ಬಾಟಲಿಯಲ್ಲಿ ಏನಿದೆ ಎಂದು ಮೂಸಿ ನೋಡಿದರೆ ಶಾಂಪೂ ವಾಸನೆ.

ಕರೆಂಟು ಹೋದಾಗ ಇವರ ಸುಗ್ಗಿ. ಬೀದಿಗೆಲ್ಲ ಕರೆಂಟಿಲ್ಲ, ಮೇಲೆ ರಣರಣ ಬಿಸಿಲು, ಆದರೂ ಮನೆಯ ಫ್ಯಾನು ತಿರುಗುವುದಿಲ್ಲ. “ಇನ್ವರ್ಟರ್ ಬೋರ್ಡ್ ಹೋಗಿದೆ ಸರ್, ಚೇಂಜ್ ಮಾಡ್ಬೇಕು.” ಬ್ಯಾಟರಿಯಿಲ್ಲದ, ಗ್ರಿಡ್‌ಗೆ ಜೋಡಿಸಿದ ಇನ್ವರ್ಟರು ಕರೆಂಟು ಹೋದಾಗ ತಾನೂ ನಿಲ್ಲಲೇಬೇಕು. ಇಲ್ಲದಿದ್ದರೆ ಕಂಬ ಹತ್ತಿದ ಲೈನ್‌ಮ್ಯಾನಿಗೆ ನಮ್ಮ ತಾರಸಿಯಿಂದಲೇ ಶಾಕ್ ಹೊಡೆಯುತ್ತದೆ. ಆ ಪೆಟ್ಟಿಗೆ ತೆಪ್ಪಗಿರುವುದೇ ಅದರ ಆರೋಗ್ಯ. ಇದನ್ನು ಮಾರುವಾಗ ಯಾರೂ ಹೇಳಲಿಲ್ಲ. ಹಾಗಾಗಿ ಮೋಸಗಾರ ಏನು ಹೇಳಿದರೂ ಅದೇ ನಮಗೆ ವಿಜ್ಞಾನ.

ಜುಲೈನಲ್ಲಿ ಮೋಡ ಕವಿದು ಉತ್ಪಾದನೆ ಇಳಿದರೆ “ಪ್ಯಾನೆಲ್ ವೀಕಾಗಿದೆ” ಎನ್ನುವವನಿಗೆ ಹೋದ ಜುಲೈ ತಿಂಗಳ ಲೆಕ್ಕ ತೋರಿಸಬೇಕು. ಅದು ಇನ್ವರ್ಟರಿನ ಆ್ಯಪ್‌ನಲ್ಲೇ ಇರುತ್ತದೆ. ಗ್ರಿಡ್‌ಗೆ ಎಷ್ಟು ಹೋಯಿತೆಂದು ಬೆಸ್ಕಾಂ ಬಿಲ್ಲೂ ಹೇಳುತ್ತದೆ. ಆದರೆ ಆ ಆ್ಯಪ್‌ನ ಪಾಸ್‌ವರ್ಡು ಡಲ್ಲಾಸಿನಲ್ಲಿರುವ ಮಗನ ಹತ್ತಿರ, ವಾರಂಟಿ ಕಾರ್ಡು ರೇಷ್ಮೆ ಸೀರೆಗಳ ಕೆಳಗೆ.

ಇಷ್ಟೆಲ್ಲ ಬೈದ ಮೇಲೆ ಆ ಹುಡುಗರ ಒಂದು ಸದ್ಗುಣವನ್ನೂ ಹೇಳಬೇಕು: ಅವರು ಬರುತ್ತಾರೆ. ಸೂರ್ಯಘರ್ ಅಡಿ ಪ್ಯಾನೆಲ್ ಹಾಕಿದ ವೆಂಡರ್ 5 ವರ್ಷ ನಿರ್ವಹಣೆ ಮಾಡಿಕೊಡಬೇಕು ಎಂಬ ಷರತ್ತಿದೆ. ಪ್ಯಾನೆಲ್ಲಿಗೆ ಸಾಮಾನ್ಯವಾಗಿ 25 ವರ್ಷದ ಉತ್ಪಾದನಾ ವಾರಂಟಿಯೂ ಇರುತ್ತದೆ. ಎಲ್ಲ ಸರಿ. ಫೋನ್ ಮಾಡಿ ನೋಡಿ. “ಟೆಕ್ನಿಷಿಯನ್ ಫೀಲ್ಡಲ್ಲಿದ್ದಾರೆ ಸರ್.” ಆ ಫೀಲ್ಡ್ ಯಾವ ಹೋಬಳಿಯಲ್ಲಿದೆಯೋ, ಅಲ್ಲಿಗೆ ಹೋದವರು ಮರಳಿದ ದಾಖಲೆಯಿಲ್ಲ. ಮೂರನೇ ವಾರಕ್ಕೆ ಗ್ರಾಹಕ ತಾಳ್ಮೆಗೆಟ್ಟು ಮೊಬೈಲಿನಲ್ಲಿ ‘ಕಸ್ಟಮರ್ ಕೇರ್ ನಂಬರ್’ ಹುಡುಕುತ್ತಾನೆ. ಮೊದಲು ಸಿಕ್ಕುವುದೇ ನಕಲಿ ನಂಬರು, ಮೊದಲ ರಿಂಗಿಗೇ ಎತ್ತುವವನೂ ಮೋಸಗಾರನೇ. “ಹತ್ತು ರೂಪಾಯಿ ಬುಕಿಂಗ್ ಚಾರ್ಜ್ ಅಷ್ಟೇ ಅಂಕಲ್, ಒಂದು ಆ್ಯಪ್ ಕಳಿಸ್ತೀನಿ, ಡೌನ್‌ಲೋಡ್ ಮಾಡ್ಕೊಳಿ.” ಮೊಬೈಲ್ ಪರದೆ ಅವನ ಕೈಗೆ ಹೋಗುತ್ತದೆ, ಹತ್ತು ರೂಪಾಯಿಯ ಹಿಂದೆ ಉಳಿದ ಹಣವೂ ಸಾಲಾಗಿ ಹೊರಡುತ್ತದೆ. ಆಮೇಲೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು. ತಡಮಾಡದೆ ಮಾಡಿದರೆ ಹೊರಟ ಹಣವನ್ನು ದಾರಿಯಲ್ಲೇ ತಡೆಯುವ ಅವಕಾಶವಾದರೂ ಇರುತ್ತದೆ. ಅಸಲಿ ಕಂಪನಿಯ ಮೇಲಿನ ದೂರಿಗೆ 1915, ಗ್ರಾಹಕ ಸಹಾಯವಾಣಿ. ಎರಡನ್ನೂ ವಾರಂಟಿ ಕಾರ್ಡಿನ ಜೊತೆ ಸೀರೆಯ ಕೆಳಗೆ ಇಡದಿದ್ದರೆ ಸಾಕು.

ತಾರಸಿ ಹತ್ತಿದವನನ್ನು ಗದರಿಸಬೇಕಿಲ್ಲ, ಪೊಲೀಸರ ಹೆಸರೂ ಬೇಡ. “ಪ್ಯಾನೆಲ್ ಸೀರಿಯಲ್ ನಂಬರ್ ಬರ್ಕೊಂಡು ಜಿಎಸ್‌ಟಿ ಬಿಲ್ ಕೊಡಪ್ಪಾ, ದುಡ್ಡು ಕಂಪನಿ ಅಕೌಂಟಿಗೇ ಹಾಕ್ತೀನಿ, ಬಿಚ್ಚಿದ ಹಳೇ ಪಾರ್ಟ್ ಇಲ್ಲೇ ಬಿಟ್ಟು ಹೋಗು” ಎಂದು ಕಾಫಿ ಕೊಡುತ್ತಾ ಕೇಳಿದರೆ ಸಾಕು. ಅವನಿಗೆ ತಕ್ಷಣ ಇನ್ನೊಂದು ಅರ್ಜೆಂಟ್ ಕಾಲ್ ಬರುತ್ತದೆ. ಕಾಫಿ ಮಾತ್ರ ಕುಡಿದೇ ಹೋಗುತ್ತಾನೆ.

ನನ್ನ ಕೇಳಿದರೆ ಕಂಪನಿಗಳು ಈ ಹುಡುಗರನ್ನೇ ಕರೆದು ಕೆಲಸ ಕೊಡಬೇಕು. ಹೇಳಿದ ಹೊತ್ತಿಗೆ ಬರುತ್ತಾರೆ, ಏಣಿ ಹತ್ತುತ್ತಾರೆ, ಅಂಕಲ್ ಆಂಟಿ ಎಂದು ಬಾಯ್ತುಂಬ ಮಾತಾಡುತ್ತಾರೆ, ರಿಂಗ್ ಆದ ಕೂಡಲೇ ಫೋನ್ ಎತ್ತುತ್ತಾರೆ. ಒಂದೇ ಭಯ. ಮೊದಲ ತಿಂಗಳ ಸಂಬಳ ಕೈಗೆ ಬಿದ್ದ ಮರುದಿನದಿಂದ ಅವರೂ ಫೀಲ್ಡಿಗೆ ಹೋಗಿಬಿಡುತ್ತಾರೆ.