50 ಪದದ ಹುಡುಗ

ವಸತಿಶಾಲೆಯ ಅರ್ಜಿಗೆ ‘ನನ್ನ ಬಗ್ಗೆ’ ಎಂಬ ಪ್ರಬಂಧ ಸಾಲದಂತೆ; ಅದರ ಸಾರಾಂಶವೂ 50 ಪದಗಳಲ್ಲಿ ಬೇಕಂತೆ. ಬೀದರಿನ ನಮ್ಮ ಓಣಿಯ ಹುಡುಗನ ಮನೆಯಲ್ಲಿ ಸಭೆಯೇ ಸೇರಿತು.

ಔರಾದಿನ ಅಜ್ಜ, ‘ಮೊದಲ ನಮ್ಮೂರ ದೇವರು ಅಮರೇಶ್ವರನ ಹೆಸರು ಬರೀರಿ’ ಎಂದರು. ಭಾಲ್ಕಿಯ ಸೋದರಮಾವ ತಮ್ಮೂರ ಮಠದ ಚನ್ನಬಸವ ಪಟ್ಟದ್ದೇವರನ್ನು ಮಾತಿಗೆ ತಂದರು: ನಿಜಾಮನ ಕಾಲದಲ್ಲಿ ಅವರ ಶಾಲೆಯ ಹೊರಗೆ ಉರ್ದು ಫಲಕ, ಒಳಗೆ ಕನ್ನಡ ಪಾಠ! ಇವರ ಸಾರಾಂಶವೂ ಹಾಗೇ, ಫಲಕ ಹುಡುಗನದು, ಪಾಠ ಮಾವನದು ಅನ್ನಿಸಿತು, ಬಾಯಿ ಬಿಡಲಿಲ್ಲ.

ನಾನು ಮಹಮೂದ್ ಗವಾನನನ್ನು ಎತ್ತಿದೆ. 1472ರಲ್ಲಿ ಇಲ್ಲೇ ಮದರಸಾ ಕಟ್ಟಿಸಿದ ಬಹಮನಿ ಸುಲ್ತಾನರ ಮಂತ್ರಿ. ಪತ್ರ ಬರೆಯುವ ಕಲೆಯ ಮೇಲೆ ಗ್ರಂಥವನ್ನೇ ಬರೆದ ಪಂಡಿತ.

‘ಮುಂದ ಏನಾಯ್ತ್ರಿ?’ ಎಂದ ಹುಡುಗ.

ಆಗದವರು ಅವನ ಮೊಹರಿದ್ದ ಹಾಳೆಯಲ್ಲಿ ತಮಗೆ ಬೇಕಾದ್ದು ಬರೆದರು. ಅದನ್ನು ನಂಬಿ 1481ರಲ್ಲಿ ಸುಲ್ತಾನ ಅವನ ತಲೆ ತೆಗೆಸಿದ.

‘ಅದಕ್ಕೇ ನನ್ನ ಹೆಸರಿನ್ಯಾಗ ನೀವ್ಯಾರೂ ಬರೀಬ್ಯಾಡ್ರಿ’ ಎಂದು ಪೆನ್ನು ಕಸಿದುಕೊಂಡ. ಬರೆದದ್ದಿಷ್ಟು: ‘ನನಗೆ ಕ್ರಿಕೆಟ್ ಇಷ್ಟ, ಗಣಿತ ಕಷ್ಟ. ಮನೆಯಲ್ಲಿ ಮಾತಾಡುವವರು ಬಹಳ. ದಯವಿಟ್ಟು ಹಾಸ್ಟೆಲಿನಲ್ಲಿ ಒಂದು ಸೀಟು ಕೊಡಿ.’